ಬೆಲ್ ಆದರೆ ಒಳಗೆ ಹೋಗುವ ತಮ್ಮ

ನಾನು ಆಪ್ತಸಲಹೆಗಾರ್ತಿ. ಮದುವೆ ಮಾತುಕತೆಯ ಕಾಲ ಬಂತೆಂದರೆ, ಬೌದ್ಧಿಕ ವೈಕಲ್ಯ ಇರುವ ಮಕ್ಕಳ ಮನೆಯವರು ನನ್ನ ಬಳಿ ಒಂದೇ ಥರದ ಪ್ರಶ್ನೆ ತರುವುದು ಜಾಸ್ತಿ. "ಮೇಡಂ, ಮನೇಲಿ ಇಂಥ ಮಗ ಇದ್ದಾನೆ ಅಂತ ಗಂಡಿನ ಕಡೆಯವರಿಗೆ ಈಗಲೇ ಹೇಳಬೇಕಾ? ನಿಶ್ಚಿತಾರ್ಥ ಆದ ಮೇಲೆ ಹೇಳಿದರೆ ಆಗಲ್ವಾ?" ಊರು ಬೇರೆ, ಜಾತಿ ಬೇರೆ, ಅಂತಸ್ತು ಬೇರೆ. ಪ್ರಶ್ನೆ ಮಾತ್ರ ಅದೇ. ಅದಕ್ಕೇ ಒಂದು ಮನೆಯ ವಿಷಯವನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.

ಮೈಸೂರಿಗೆ ಹತ್ತಿರದ ಒಂದು ತಾಲೂಕಿನವರು. ಅಪ್ಪ ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರು. ಮಗಳಿಗೆ 27, ಬ್ಯಾಂಕಿನಲ್ಲಿ ಕೆಲಸ. ಮಗನಿಗೆ 23. ಹುಟ್ಟಿದಾಗ ಕೂಡಲೇ ಅಳಲಿಲ್ಲ, ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾಯಿತು. ಬೌದ್ಧಿಕ ವೈಕಲ್ಯ ಇದೆ. ಚಿಕ್ಕವನಿದ್ದಾಗ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಮಾತು ಕಲಿಸಿದ್ದಾರೆ. ಎರಡು ಮೂರು ಪದದಲ್ಲಿ ಹೇಳಬೇಕಾದ್ದನ್ನು ಹೇಳುತ್ತಾನೆ. ತಾನೇ ಊಟ ಮಾಡುತ್ತಾನೆ. ಅಂಗಿ ಗುಂಡಿಗೆ ಅಮ್ಮ ಬೇಕು. ಒಬ್ಬನನ್ನೇ ರಸ್ತೆಗೆ ಬಿಡುವ ಹಾಗಿಲ್ಲ.

ತಾಯಿಗೆ ತಿಂಗಳುಗಟ್ಟಲೆ ನಿದ್ದೆ ಇಲ್ಲ ಅಂತ ಬಂದಿದ್ದರು. ಮಾತಾಡುತ್ತಾ ವಿಷಯ ಹೊರಗೆ ಬಂತು. ಮಗಳಿಗೆ ಒಳ್ಳೆಯ ಸಂಬಂಧ ಬಂದಿದೆ. ಹೆಣ್ಣು ನೋಡುವ ದಿನ ಮಗನನ್ನು ಸೋದರತ್ತೆ ಮನೆಗೆ ಕಳಿಸಿದ್ದರು. ಮದುವೆ ಮೂರು ದಿನವೂ ಅವನು ಅಲ್ಲೇ ಇರಬೇಕು ಅಂತ ಅಪ್ಪನ ಯೋಚನೆ. ಅವರ ಪದ್ಧತಿಯಲ್ಲಿ ಲಾಜಹೋಮದ ಹೊತ್ತಿಗೆ ಹೆಣ್ಣಿನ ಅಣ್ಣನೋ ತಮ್ಮನೋ ಅವಳ ಬೊಗಸೆಗೆ ಅರಳು ಹಾಕಬೇಕು. ಆ ಜಾಗಕ್ಕೆ ಚಿಕ್ಕಪ್ಪನ ಮಗನನ್ನು ಗೊತ್ತು ಮಾಡಿಯಾಗಿತ್ತು. "ನಾಲ್ಕು ಜನರ ಎದುರು ಅವನೇನಾದ್ರೂ ಮಾಡಿದ್ರೆ?" ಅಂತ ಅಪ್ಪ. ತಾಯಿ ಏನೂ ಹೇಳಲಿಲ್ಲ.

ಮುಂದಿನ ಸಲ ನಾಲ್ಕು ಜನವೂ ಬನ್ನಿ ಅಂದೆ. ಬಂದರು. ಹುಡುಗ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು ಅಕ್ಕನ ಪಕ್ಕ ಕೂತಿದ್ದ. ನನ್ನ ಮೇಜಿನ ಮೇಲಿದ್ದ ಪೆನ್ನುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದ. ಅಪ್ಪ ಮಾತಾಡುತ್ತಿದ್ದಾಗ ಹೊರಗಡೆ ಬೆಲ್ ಆಯಿತು. ಕೊರಿಯರ್‌ನವನು. ಹುಡುಗ ಪೆನ್ನು ಅಲ್ಲೇ ಬಿಟ್ಟು ಎದ್ದ. ಯಾರ ಮುಖವನ್ನೂ ನೋಡಲಿಲ್ಲ. ಹಿಂದೆ ನಾನು ಫೈಲು ಇಡುವ ಸಣ್ಣ ಕೋಣೆ ಇದೆ. ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಆ ಕೋಣೆಯನ್ನು ಅವನು ಅದೇ ಮೊದಲು ನೋಡಿದ್ದು.

"ನಾವು ಹೇಳೋದೇ ಬೇಡ ಮೇಡಂ, ಅಷ್ಟು ಒಳ್ಳೆ ಹುಡುಗ," ಅಂದರು ತಾಯಿ.

ಕೊರಿಯರ್‌ಗೆ ಸಹಿ ಹಾಕಿ ಕಳಿಸಿ, ಕೋಣೆಯ ಬಾಗಿಲು ತಳ್ಳಿದೆ. ಬೀರುವಿನ ಪಕ್ಕ ಗೋಡೆಗೆ ಬೆನ್ನು ಒತ್ತಿಕೊಂಡು, ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. "ಹೋದ್ರಾ?" ಅಂತ ಪಿಸುಮಾತಲ್ಲಿ ಕೇಳಿದ.

ನಾನು ವಾಪಸ್ ಬಂದು ಕೂತಾಗ ಅಕ್ಕ ಅಳುತ್ತಿದ್ದಳು. "ಇದನ್ನ ನಾನೇ ಕಲಿಸಿದ್ದು ಮೇಡಂ. ಆವಾಗ ನಾನು ಎಂಟನೇ ಕ್ಲಾಸು. ಫ್ರೆಂಡ್ಸ್ ಮನೆಗೆ ಬರ್ತಿದ್ರು. ಬೆಲ್ ಆದ ಕೂಡಲೇ ಒಳಗೆ ಹೋದ್ರೆ ಚಾಕಲೇಟು ಅಂತ ಆಟ ಮಾಡಿ ಕಲಿಸಿದೆ. ಈಗ ಚಾಕಲೇಟು ಕೊಡೋರು ಯಾರೂ ಇಲ್ಲ. ಆದ್ರೂ ಹೋಗ್ತಾನೆ."

ಅಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂತರು. ತಾಯಿ ಮಗಳ ಕಡೆ ನೋಡಲೇ ಇಲ್ಲ.

ನಾನು ಆ ದಿನ ನೇರವಾಗಿ ಹೇಳಿದೆ. ನಿಶ್ಚಿತಾರ್ಥಕ್ಕೆ ಮೊದಲು ಹೇಳಿ. ಮಗಳ ಬಾಯಲ್ಲಿ ಹೇಳಿಸಬೇಡಿ, ಅಪ್ಪ ಅಮ್ಮ ಕೂತು ಹೇಳಿ. ಲಗ್ನಪತ್ರಿಕೆಯಲ್ಲಿ ಅವನ ಹೆಸರು ಇರಲಿ. ಅರಳು ಅವನೇ ಹಾಕಲಿ, ಮನೆಯಲ್ಲಿ ಮೊದಲೇ ಅಭ್ಯಾಸ ಮಾಡಿಸಿ.

ಆಪ್ತಸಲಹೆಗಾರರು ಹೀಗೇ ಮಾಡಿ ಅಂತ ಹೇಳಬಾರದು, ಬಂದವರೇ ತೀರ್ಮಾನಕ್ಕೆ ಬರುವ ಹಾಗೆ ಜೊತೆಗಿರಬೇಕು. ನನಗೂ ಹಾಗೇ ಕಲಿಸಿದ್ದಾರೆ, ಬಹುಪಾಲು ಹಾಗೇ ನಡೆದುಕೊಳ್ಳುತ್ತೇನೆ. ಆದರೆ ಇಲ್ಲಿ ತೀರ್ಮಾನದಲ್ಲಿ ಪಾಲು ಇರಬೇಕಾದ ಒಬ್ಬ ಪಕ್ಕದ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ. ಅವನ ಪರವಾಗಿ ಯಾರಾದರೂ ಮಾತಾಡಲೇಬೇಕಿತ್ತು. "ಸಂಬಂಧ ಮುರಿದರೆ ನೀವು ಹೊಣೆನಾ?" ಅಂತ ಅಪ್ಪ ಕೇಳಿದರು. ಮುರಿಯಬಹುದು, ಇಲ್ಲ ಅನ್ನಲ್ಲ ಅಂದೆ. ಹೇಳದೆ ಮದುವೆ ಮಾಡಿದರೆ ಮಗಳು ಮೊದಲ ದಿನದಿಂದಲೇ ಗಂಡನ ಮನೆಯಲ್ಲಿ ಸುಳ್ಳು ಕಾಯಬೇಕು. ತವರಿಗೆ ಹೋಗಲು ನೆಪ ಹುಡುಕಬೇಕು. ಗೊತ್ತಾದ ದಿನ ಅವರು ಕೇಳುವುದು ತಮ್ಮನ ಬಗ್ಗೆಯಲ್ಲ, ಇನ್ನೇನೇನು ಮುಚ್ಚಿಟ್ಟಿದ್ದೀರಿ ಅಂತ.

ತಾಯಿಯ ನಿದ್ದೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಸಲಹೆಯ ನಿಜವಾದ ಕಾರಣ ಅದೇ. ಇಂಥ ತಾಯಂದಿರನ್ನು ರಾತ್ರಿ ಎಬ್ಬಿಸುವುದು ಒಂದೇ ಪ್ರಶ್ನೆ, ನಮ್ಮ ನಂತರ ಇವನಿಗೆ ಯಾರು? ಅವನಿಗೆ ಹುಳಿ ಆಗಲ್ಲ, ಮಿಕ್ಸಿ ಸದ್ದಿಗೆ ಹೆದರುತ್ತಾನೆ, ಜ್ವರ ಬಂದರೆ ಹೇಳಲ್ಲ, ಸುಮ್ನೆ ಮೂಲೆಗೆ ಹೋಗಿ ಮಲಗುತ್ತಾನೆ. ಇದೆಲ್ಲ ಗೊತ್ತಿರುವುದು ಅಮ್ಮನಿಗೆ ಒಬ್ಬರಿಗೇ. ಚಿಕ್ಕಪ್ಪನಿಗೆ ಗೊತ್ತಿಲ್ಲ, ಪಕ್ಕದ ಮನೆಯವರಿಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಬೆಲ್ ಆದಾಗಲೆಲ್ಲ ಅವನು ಒಳಗಿದ್ದ. ಯಾರೂ ನೋಡದ ಹುಡುಗನನ್ನು ನಾಳೆ ಯಾರು ತಮ್ಮವನು ಅಂದುಕೊಳ್ಳುತ್ತಾರೆ? ಜನ ಏನಂತಾರೋ ಅಂತ ಮುಚ್ಚಿಡುತ್ತಾ ಹೋದಷ್ಟೂ ಅವನನ್ನು ನೋಡಿಕೊಳ್ಳಬಲ್ಲ ಕೈಗಳು ಕಡಿಮೆಯಾಗುತ್ತವೆ. ಪೂರ್ವಜನ್ಮದ ಕರ್ಮ ಅನ್ನುವವರೂ ಇದ್ದಾರೆ, ದೇವರಂಥ ಮಗು, ನೀವೇ ಪುಣ್ಯವಂತರು ಅನ್ನುವವರೂ ಇದ್ದಾರೆ. ಇಬ್ಬರೂ ಆ ತಾಯಿಗೆ ಒಂದು ದಿನದ ಬಿಡುವು ಕೊಡಿಸಿಲ್ಲ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಗಣತಿಯವರು ಬಂದು ಬೆಲ್ ಒತ್ತಿದಾಗ ಒಳಗೆ ಹೋದವರು ಆ ಲೆಕ್ಕದಲ್ಲಿ ಇದ್ದಾರೋ ಇಲ್ಲವೋ ಅಂತ ನನಗೆ ಆಗಾಗ ಅನಿಸುತ್ತದೆ.

ಮುಚ್ಚಿಟ್ಟಿದ್ದರಿಂದ ಕಾಗದಪತ್ರಗಳೂ ಹಿಂದೆ ಬಿದ್ದಿದ್ದವು. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡೇ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಬೌದ್ಧಿಕ ವೈಕಲ್ಯವೂ ಅದರಲ್ಲಿ ಒಂದು. ಮಗ ಅಥವಾ ಮಗಳಿಗೆ 18 ತುಂಬಿದ ಮೇಲೆ ತಂದೆ ತಾಯಿಯೂ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇದ್ದವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪೋಷಕರನ್ನು ನೇಮಿಸಿಕೊಳ್ಳಬಹುದು. ಈಗ ತಂದೆ ತಾಯಿ, ಮುಂದೆ ಸಂಬಂಧಿಕರು. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಸಿಗುತ್ತದೆ. ಅಪ್ಪನಿಗೆ ಪಿಂಚಣಿ ಇದೆ. ದುಡಿದು ಬದುಕಲು ಆಗದ ಮಗನಿಗೆ ಕುಟುಂಬ ಪಿಂಚಣಿ ಬರುವಂತೆ ಬದುಕಿದ್ದಾಗಲೇ ಕಚೇರಿಗೆ ಬರೆದು ಕೊಡಿ ಅಂದೆ. ಇಷ್ಟು ಹೇಳುವಾಗ ಅಪ್ಪ ಮೊದಲ ಸಲ ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು.

ಇನ್ನೊಂದು ಕೆಲಸವನ್ನೂ ಮಾಡಿಸಿದೆ. "ಇದು ವಂಶದಲ್ಲಿ ಬರುತ್ತಾ?" ಅಂತ ಗಂಡಿನ ಕಡೆಯವರು ಕೇಳಿಯೇ ಕೇಳುತ್ತಾರೆ. ಬೌದ್ಧಿಕ ವೈಕಲ್ಯಕ್ಕೆ ಕಾರಣಗಳು ಹಲವು. ಕೆಲವು ವಂಶದಲ್ಲಿ ಬರುತ್ತವೆ, ಕೆಲವು ಹೆರಿಗೆ ಹೊತ್ತಿನ ತೊಂದರೆಯಿಂದ ಆಗುತ್ತವೆ. ಊಹೆಯ ಮೇಲೆ ಉತ್ತರ ಕೊಡಬೇಡಿ, ಹಳೆಯ ದಾಖಲೆ ತೋರಿಸಿ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ ಅಂದೆ. ಬರೆಸಿಕೊಂಡರು.

ಆ ಸಂಬಂಧ ಮುರಿಯಿತು. ಹೇಳಿದ ವಾರದಲ್ಲೇ "ಜಾತಕ ಕೂಡಿ ಬರ್ತಿಲ್ಲ" ಅಂತ ಫೋನ್ ಬಂತಂತೆ. ಅಪ್ಪ ನನ್ನ ಮೇಲೆ ಸಿಟ್ಟಾದರು, ಎರಡು ಸಲ ಬರಲೂ ಇಲ್ಲ. ನನಗೆ ನೋವಾಯಿತು. ಸಲಹೆ ಮಾತ್ರ ಈಗಲೂ ಅದೇ, ನಾಳೆ ಇನ್ನೊಂದು ಮನೆಯವರು ಬಂದರೂ ಅದನ್ನೇ ಹೇಳುತ್ತೇನೆ.

ಈಗ ಬೇರೆ ಕಡೆಯಿಂದ ಮಾತುಕತೆ ನಡೆಯುತ್ತಿದೆ. ಅವರು ಬಂದ ದಿನ ಹುಡುಗ ಹಾಲ್‌ನಲ್ಲೇ ಇದ್ದ, ಅಕ್ಕ ಅವನ ಕೈ ಹಿಡಿದುಕೊಂಡಿದ್ದಳು. ಗಂಡಿನ ತಾಯಿ ನೇರವಾಗಿ ಕೇಳಿದರಂತೆ, "ನಿಮ್ಮ ನಂತರ ಇವನನ್ನ ನಮ್ಮ ಸೊಸೆನೇ ನೋಡ್ಕೋಬೇಕಾ?" ನ್ಯಾಯವಾದ ಪ್ರಶ್ನೆ. ಅಕ್ಕನೇ ಉತ್ತರ ಕೊಟ್ಟಳು. "ನಾನು ನೋಡ್ಕೋತೀನಿ ಆಂಟಿ. ಆದ್ರೆ ನಾನೊಬ್ಬಳೇ ಅಲ್ಲ. ಚಿಕ್ಕಪ್ಪ ಇದ್ದಾರೆ, ಸೋದರತ್ತೆ ಇದ್ದಾರೆ, ದುಡ್ಡಿನ ವ್ಯವಸ್ಥೆ ಅಪ್ಪ ಮಾಡ್ತಿದ್ದಾರೆ." ಇದು ಬರೀ ಬಾಯಿಮಾತಲ್ಲ. ಚಿಕ್ಕಪ್ಪ ಈಗ ಕೆಲವು ಭಾನುವಾರ ಹುಡುಗನನ್ನು ತೋಟಕ್ಕೆ ಕರೆದುಕೊಂಡು ಹೋಗುತ್ತಾರೆ. ಹುಳಿ ಆಗಲ್ಲ ಅನ್ನುವುದು ಅವರ ಮನೆಯಲ್ಲೂ ಗೊತ್ತಾಗಿದೆ.

ಆ ಕಡೆಯವರು ಇನ್ನೂ ಉತ್ತರ ಹೇಳಿಲ್ಲ. ಮದುವೆ ಯಾರ ಜೊತೆ ಆದರೂ ಅರಳು ಹಾಕುವವನು ತಮ್ಮನೇ ಅಂತ ಅಕ್ಕ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದಾಳೆ. ಅವನು ಒಪ್ಪಿದ್ದಾನೆ, ಪಕ್ಕದಲ್ಲಿ ನಿಂತು ತಟ್ಟೆ ಹಿಡಿದುಕೊಳ್ಳುತ್ತೇನೆ ಅಂದಿದ್ದಾನೆ.