ಬಾಬ್ ಕ್ಲೇಬರ್ಗ್ ಕುದುರೆ ತಳಿ ಕಟ್ಟಿದ ಬಗೆ

ಓದುಗರ ಪತ್ರ: ಟೆಕ್ಸಸ್‌ನ ಕಿಂಗ್ ರ‍್ಯಾಂಚ್ ಕುರಿತ ನಿಮ್ಮ ಬರಹ ಓದಿದೆ. ಅದರ ಒಡೆಯ ರಾಬರ್ಟ್ (ಬಾಬ್) ಕ್ಲೇಬರ್ಗ್ ಒಂದೇ ಗಂಡುಕುದುರೆಯ ಸಂತಾನವನ್ನು ತಮ್ಮತಮ್ಮಲ್ಲೇ ಕೂಡಿಸಿದರು ಎಂದಿದ್ದೀರಿ. ಹತ್ತಿರದ ರಕ್ತ ಸೇರಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ? ಡಲ್ಲಾಸ್ ಬಳಿ ನನ್ನಲ್ಲಿ ಕ್ವಾರ್ಟರ್ ಹಾರ್ಸ್ ಎಂಬ, ದನ ಕಾಯಲು ಬಳಸುವ ಅಮೆರಿಕದ ತಳಿಯ ನಾಲ್ಕು ಹೆಣ್ಣುಕುದುರೆಗಳಿವೆ. ನಾನೂ ಹಾಗೆ ಮಾಡಬಹುದೇ? ಗೊರಸು ಊನವಾಗಿದ್ದ ಅಲ್ಲಿನ ಪಂದ್ಯದ ಕುದುರೆ ಅಸಾಲ್ಟ್ ಕೂಡ ಈ ಪದ್ಧತಿಯ ಫಲವೇ?

ಸಂಪಾದಕರ ಉತ್ತರ: ಮೊದಲು ಅಸಾಲ್ಟ್ ವಿಷಯ ಮುಗಿಸೋಣ. ಅದರ ಊನಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ಮರಿಯಾಗಿದ್ದಾಗ ಅದು ಭೂಮಾಪಕರ ಗೂಟ ತುಳಿಯಿತು. ಗೂಟ ಮುಂದಿನ ಬಲಗಾಲಿನ ಅಡಿಯ ಮೆತ್ತನೆಯ ಭಾಗಕ್ಕೆ ನಾಟಿ ಗೊರಸು ವಿಕಾರವಾಗಿ ಬೆಳೆಯಿತು. ನಡೆಯುವಾಗ, ನಿಧಾನವಾಗಿ ಓಡುವಾಗ ಎಡವುತ್ತಿತ್ತು; ನಾಗಾಲೋಟಕ್ಕೆ ಬಿಟ್ಟರೆ ಊನವೇ ಕಾಣುತ್ತಿರಲಿಲ್ಲ. 1946ರಲ್ಲಿ ಅಮೆರಿಕದ ಹೆಸರಾಂತ ಪಂದ್ಯಗಳಾದ ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್ ಮೂರನ್ನೂ ಗೆದ್ದಿತು. ಅದು ಥರೋಬ್ರೆಡ್ (ಪಂದ್ಯದ ಓಟಕ್ಕೆ ಬೆಳೆಸುವ ತಳಿ), ಬೋಲ್ಡ್ ವೆಂಚರ್‌ನ ಮಗ. ನೀವು ಕೇಳುತ್ತಿರುವ ಪದ್ಧತಿ ರ‍್ಯಾಂಚ್‌ನ ಕ್ವಾರ್ಟರ್ ಹಾರ್ಸ್‌ಗಳದ್ದು. ಆದರೆ ಅಸಾಲ್ಟ್‌ನಿಂದ ಒಂದು ಪಾಠವಿದೆ: ಬೀಜಕ್ಕೆ ಬಿಟ್ಟಾಗ ಥರೋಬ್ರೆಡ್ ಹೆಣ್ಣುಗಳು ಅದರಿಂದ ಗಬ್ಬ ನಿಲ್ಲಲಿಲ್ಲ. ಪಂದ್ಯದ ಗೆಲುವು ಸಂತಾನಕ್ಕೆ ಭರವಸೆಯಲ್ಲ.

ಇನ್ನು ನೀವು ಹೇಳಿದ ಆ ಒಂದೇ ಗಂಡುಕುದುರೆ, ಓಲ್ಡ್ ಸೊರೆಲ್. 1915ರಲ್ಲಿ ಹುಟ್ಟಿದ ಈ ಕೆಂಪು ಕುದುರೆಯನ್ನು ಆಲಿಸ್ ಊರಿನ ಜಾರ್ಜ್ ಕ್ಲೆಗ್ ಅವರಿಂದ ಮರಿಯಾಗಿದ್ದಾಗಲೇ ಕೊಂಡರು. ತಂದೆ ಹಿಕರಿ ಬಿಲ್, ತಾಯಿ ಥರೋಬ್ರೆಡ್. ಆ ಹೊತ್ತಿಗೆ ಕ್ಲೇಬರ್ಗ್ ಇಪ್ಪತ್ತರ ಆಸುಪಾಸಿನ ಹುಡುಗ. ವಿಸ್ಕಾನ್ಸಿನ್‌ನಲ್ಲಿ ಕೃಷಿ ಓದು ಅರ್ಧಕ್ಕೆ ಬಿಟ್ಟು, ತಂದೆಯ ಕಾಯಿಲೆಯಿಂದಾಗಿ ಲಕ್ಷಾಂತರ ಎಕರೆಯ ರ‍್ಯಾಂಚ್ ಹೊಣೆ ಹೊತ್ತಿದ್ದವರು. ಅವರಿಗೆ ಬೇಕಿದ್ದದ್ದು ದನ ಕಾಯುವ ಕುದುರೆ: ಮಂದೆಯಿಂದ ಒಂದು ದನವನ್ನು ಬೇರ್ಪಡಿಸಿ ತಿರುಗಗೊಡದೆ ತಡೆಯುವ ಚುರುಕು, ಬಿಸಿಲಲ್ಲಿ ದಿನವಿಡೀ ದುಡಿಯುವ ತಾಕತ್ತು. ಓಲ್ಡ್ ಸೊರೆಲ್‌ನಲ್ಲಿ ಎರಡೂ ಇದ್ದವು. ಆದರೆ ಒಂದು ಕುದುರೆ ಸತ್ತರೆ ಅದರ ಗುಣವೂ ಹೋಯಿತು, ಮಕ್ಕಳಲ್ಲಿ ಉಳಿಯುವುದು ಅರ್ಧ, ಮೊಮ್ಮಕ್ಕಳಲ್ಲಿ ಕಾಲು. ಆ ಕರಗುವಿಕೆಯನ್ನು ತಡೆಯುವುದೇ ಕ್ಲೇಬರ್ಗ್ ಯೋಜನೆ.

ಆರಿಸಿದ ಸುಮಾರು 50 ಹೆಣ್ಣುಗಳಿಗೆ, ಬಹುಪಾಲು ಥರೋಬ್ರೆಡ್ ರಕ್ತದವಕ್ಕೆ, ಓಲ್ಡ್ ಸೊರೆಲ್‌ನನ್ನು ಬಿಟ್ಟರು. ಹುಟ್ಟಿದ ಮರಿಗಳನ್ನು ಪಳಗಿಸಿ, ಜೀನು ಹಾಕಿ, ದನದ ಕೆಲಸದಲ್ಲಿ ದುಡಿಸಿ ನೋಡಿದರು. ಹೆಣ್ಣುಗಳಿಗೂ ಈ ಪರೀಕ್ಷೆ ತಪ್ಪಲಿಲ್ಲ. ಅವರ ಕೆಲಸದಲ್ಲಿ ನಾವು ಅತಿ ಹೆಚ್ಚು ಮೆಚ್ಚುವುದು ಇದನ್ನೇ. ಹಲವು ಕಡೆ ಇಂದಿಗೂ ಹೆಣ್ಣುಕುದುರೆಯನ್ನು ವಂಶಾವಳಿ ಕಾಗದ ನೋಡಿಯೇ ಗಬ್ಬಕ್ಕೆ ಬಿಡುತ್ತಾರೆ. ಆಮೇಲೆ ಗೆದ್ದು ನಿಂತ ಮಗ ಸೋಲಿಸ್‌ನನ್ನು ಓಲ್ಡ್ ಸೊರೆಲ್‌ನ ಬೇರೆ ತಾಯಂದಿರ ಹೆಣ್ಣುಮಕ್ಕಳಿಗೆ ಕೂಡಿಸಿದರು. ಹೀಗೆ ಸೋಲಿಸ್ ಮತ್ತು ಅಂಥ ಒಬ್ಬ ಮಗಳು ಪಾಂಡಾರಿಗೆ 1937ರಲ್ಲಿ ಹುಟ್ಟಿದ್ದು ವಿಂಪಿ. ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಅದಕ್ಕೆ ಅಜ್ಜ ಓಲ್ಡ್ ಸೊರೆಲ್. ಕಾಲು ಪಾಲಿಗೆ ಇಳಿಯಬೇಕಿದ್ದ ರಕ್ತ ಅರ್ಧದಲ್ಲೇ ನಿಂತಿತು. ಅಮೆರಿಕನ್ ಕ್ವಾರ್ಟರ್ ಹಾರ್ಸ್ ಸಂಘ ಹುಟ್ಟಿದ್ದು 1940ರಲ್ಲಿ. ಮರುವರ್ಷ ಫೋರ್ಟ್ ವರ್ತ್ ಪ್ರದರ್ಶನದಲ್ಲಿ ಗ್ರ್ಯಾಂಡ್ ಚಾಂಪಿಯನ್ ಆದ ವಿಂಪಿಗೆ ವಂಶಪುಸ್ತಕದ ಮೊದಲ ಸಂಖ್ಯೆ ಸಂದಿತು. ಅಜ್ಜನಿಂದ ಮೊಮ್ಮಗನಿಗೆ 22 ವರ್ಷ. (ದನಗಳಲ್ಲೂ ಅವರು ಇದೇ ದಾರಿ ಹಿಡಿದರು. ಮಂಕಿ ಎಂಬ ಹೋರಿಯಿಂದ ಬೆಳೆದ ಸಾಂಟಾ ಗೆರ್ಟ್ರೂಡಿಸ್ ತಳಿಯಲ್ಲಿ ಬ್ರಾಹ್ಮನ್ ರಕ್ತವಿದೆ. ಬ್ರಾಹ್ಮನ್ ತಳಿ ಕಟ್ಟಲು ಭಾರತದಿಂದ ಹೋದ ದನಗಳಲ್ಲಿ ನಮ್ಮ ಕೃಷ್ಣಾ ಕಣಿವೆಯವೂ ಸ್ವಲ್ಪ ಇದ್ದವು.)

ಈಗ ಹಿರಿಯರ ಎಚ್ಚರಿಕೆಗೆ ಬರೋಣ. ಒಂದು ಗಂಡಿನಲ್ಲಿ ಅಡಗಿದ ದೋಷದ ಒಂದು ಪ್ರತಿ ಇದೆ ಎನ್ನಿ; ತಂದೆತಾಯಿ ಇಬ್ಬರಿಂದಲೂ ಒಂದೊಂದು ಪ್ರತಿ ಬಂದರೆ ಮಾತ್ರ ಅದು ಹೊರಬೀಳುತ್ತದೆ. ಒಂದೇ ತಂದೆಯ, ಬೇರೆ ತಾಯಂದಿರ ಮಕ್ಕಳನ್ನು ಕೂಡಿಸಿದರೆ 16 ಮರಿಗೆ ಒಂದರಂತೆ ದೋಷ ಹೊರಬೀಳುತ್ತದೆ. ತಂದೆಯನ್ನೇ ಮಗಳಿಗೆ ಕೂಡಿಸಿದರೆ 8ಕ್ಕೆ ಒಂದು. ಕ್ಲೇಬರ್ಗ್ ಮಂದೆಯಲ್ಲಿ ನೂರಾರು ಮರಿಗಳು ಹುಟ್ಟುತ್ತಿದ್ದುದರಿಂದ ಅಂಥ ದೋಷ ಇದ್ದರೆ ಕಣ್ಣಿಗೆ ಬೀಳುತ್ತಿತ್ತು. ಬೇಡವಾದ ಗಂಡಿನ ಬೀಜ ಒಡೆಸಿ ಕೆಲಸಕ್ಕೆ ಇಟ್ಟುಕೊಳ್ಳಲು ಜಾಗವೂ ಇತ್ತು. ನಿಮ್ಮಲ್ಲಿ? ಗಬ್ಬ 11 ತಿಂಗಳು; ನಾಲ್ಕು ಹೆಣ್ಣು ಎಂದರೆ ಎಲ್ಲ ಸರಿಹೋದರೂ ವರ್ಷಕ್ಕೆ ನಾಲ್ಕು ಮರಿ. ಒಂದು ಗಂಡು ಅಂಥ ದೋಷ ಹೊತ್ತಿಲ್ಲ ಎಂದು ನೂರಕ್ಕೆ 95ರ ಭರವಸೆಯಿಂದ ಹೇಳಲು ಅದರದ್ದೇ ಬೇರೆ ಬೇರೆ ಹೆಣ್ಣುಮಕ್ಕಳಲ್ಲಿ 23 ಆರೋಗ್ಯವಂತ ಮರಿಗಳಾದರೂ ಹುಟ್ಟಬೇಕು. ಅಷ್ಟರೊಳಗೆ ದೋಷ ನಿಮ್ಮ ಕೊಟ್ಟಿಗೆಯಲ್ಲೆಲ್ಲ ಹರಡಿರುತ್ತದೆ. ಆದ್ದರಿಂದ ನಿಮಗೆ ನಮ್ಮ ಸಲಹೆ: ಬೇಡ.

ಕ್ವಾರ್ಟರ್ ಹಾರ್ಸ್‌ನಲ್ಲಿ ಈ ಭಯ ಬರಿಯ ಲೆಕ್ಕದ್ದಲ್ಲ. ಹೆರ್ಡಾ ಎಂಬ ಚರ್ಮರೋಗ ಪೋಕೊ ಬ್ಯೂನೊ ಎಂಬ ಗಂಡುಕುದುರೆಯ ವಂಶದಲ್ಲಿ ಹರಡಿದೆ. ತಂದೆತಾಯಿ ಇಬ್ಬರೂ ವಾಹಕರಾದರೆ (ದೋಷದ ಒಂದು ಪ್ರತಿ ಹೊತ್ತಿದ್ದರೆ) ನಾಲ್ಕಕ್ಕೆ ಒಂದು ಮರಿಗೆ ಬರುತ್ತದೆ. ಮರಿ ಚೆನ್ನಾಗಿಯೇ ಬೆಳೆಯುತ್ತದೆ. ಸುಮಾರು ಎರಡು ವರ್ಷಕ್ಕೆ ಜೀನು ಹಾಕಿದಾಗ ಬೆನ್ನಿನ ಚರ್ಮ ಕಿತ್ತುಬರತೊಡಗುತ್ತದೆ. ಮದ್ದಿಲ್ಲ. ಕ್ಲೇಬರ್ಗ್ ಕಾಲದಲ್ಲಿ ಇಲ್ಲದ ಒಂದು ಅನುಕೂಲ ನಿಮಗಿದೆ: ಬೇರು ಸಮೇತ ಕಿತ್ತ ಕತ್ತಿನ ಕೂದಲಿನಿಂದ ಮಾಡುವ ಡಿಎನ್‌ಎ ಪರೀಕ್ಷೆ. ನಾಲ್ಕೂ ಹೆಣ್ಣುಗಳಿಗೆ ಇದನ್ನು ಮಾಡಿಸಿ. ಗಂಡಿನ ಫಲಿತಾಂಶ ಕೈಗೆ ಬರದೆ ಮುಂಗಡ ಕೊಡಬೇಡಿ. ವಾಹಕ ಹೆಣ್ಣನ್ನು ಬಿಸಾಡಬೇಕಿಲ್ಲ, ಆ ದೋಷವಿಲ್ಲದ ಗಂಡಿಗೆ ಕೂಡಿಸಿದರೆ ರೋಗಿಷ್ಠ ಮರಿ ಹುಟ್ಟದು. ಆದರೆ ಅರ್ಧದಷ್ಟು ಮರಿಗಳು ವಾಹಕವಾಗುತ್ತವೆ, ಮಾರುವಾಗ ಹೇಳಲೇಬೇಕು.

ಓಲ್ಡ್ ಸೊರೆಲ್ ರಕ್ತವೇ ಬೇಕೆಂದಿದ್ದರೆ ಅದನ್ನು ಗಂಡಿನ ಕಡೆಯಿಂದ ಮಾತ್ರ ತನ್ನಿ, ಮೂರು ತಲೆಮಾರಿನೊಳಗೆ ಎರಡೂ ಕಡೆ ಒಂದೇ ಹೆಸರು ಬರದಂತೆ ನೋಡಿಕೊಳ್ಳಿ. ಗಬ್ಬಕ್ಕೆ ಬಿಡುವ ಮುನ್ನ ನಾಲ್ಕೂ ಹೆಣ್ಣುಗಳನ್ನು ಒಂದು ಹಂಗಾಮು ದನದ ಹಿಂದೆ ಓಡಿಸಿ. ಕುಂಟುವುದು ಯಾವುದು, ದನದ ಮೇಲೆ ಕಣ್ಣಿಡದ್ದು ಯಾವುದು ಎಂದು ಬರೆದಿಡಿ, ಆ ಎರಡರ ಮರಿ ತೆಗೆಯಬೇಡಿ.