ಮಕ್ಕಳ ಜೊತೆ ಮೊದಲ ಸಲ ಕ್ಯಾಂಪಿಂಗ್ ಟ್ರೇಲರ್ ಎಳೆದುಕೊಂಡು ಹೊರಟಿದ್ದೇವೆ, ಏನೇನು ನೋಡಿಕೊಳ್ಳಬೇಕು?

ಗಂಡ, ಹೆಂಡತಿ, ಇಬ್ಬರು ಮಕ್ಕಳು, ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೇ ಹಾಸಿಗೆ ಒಲೆ ಇರುವ ಬಾಡಿಗೆ ಟ್ರೇಲರ್. ಹತ್ತು ದಿನದಲ್ಲಿ ಎಂಟು ಜಾಗ, ದಿನಕ್ಕೆ ಸುಮಾರು 500 ಕಿಲೋಮೀಟರ್. ಇದು ಆಗುತ್ತಾ, ಹೊರಡುವ ಮುಂಚೆ ಏನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ.

ಮಕ್ಕಳನ್ನು ಕರೆದುಕೊಂಡು ಟ್ರೇಲರ್ ಎಳೆದವನಾಗಿ ಹೇಳುತ್ತೇನೆ. ಹತ್ತು ದಿನ ಸರಿ. 500 ಕಿಲೋಮೀಟರ್ ಬೇಡ, ಎಂಟು ಜಾಗವೂ ಬೇಡ. ನೀವು ಹಾಕಿರುವುದು ಕಾರಿನ ಲೆಕ್ಕ. ಟ್ರೇಲರ್ ಲೆಕ್ಕವೇ ಬೇರೆ.

ಮ್ಯಾಪ್ ಐದು ಗಂಟೆ ತೋರಿಸಿದರೆ ಟ್ರೇಲರ್ ಜೊತೆ ಏಳು ಗಂಟೆ ಅಂತಲೇ ಇಟ್ಟುಕೊಳ್ಳಿ. ವೇಗ ಕಡಿಮೆ ಇರುತ್ತದೆ. ಗಾಳಿಗೆ ಎದುರಾಗಿ ದೊಡ್ಡ ಡಬ್ಬಿ ಎಳೆಯುವುದರಿಂದ ಇಂಧನ ಜಾಸ್ತಿ ಕುಡಿಯುತ್ತದೆ, ಬಂಕ್‌ಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಜಾಗ ತಲುಪಿದ ಮೇಲೆ ನಿಲ್ಲಿಸಿ, ಲೆವೆಲ್ ಮಾಡಿ, ನೀರು ಕರೆಂಟು ಜೋಡಿಸುವುದಕ್ಕೆ ಹೊಸಬರಿಗೆ ಒಂದು ಗಂಟೆ ಬೇಕು. ಬೆಳಿಗ್ಗೆ ಎಲ್ಲಾ ಬಿಚ್ಚಿ ಹೊರಡಲು ಇನ್ನೊಂದು ಗಂಟೆ. ಹಾಗಾಗಿ ದಿನಕ್ಕೆ 200ರಿಂದ 250 ಕಿಲೋಮೀಟರ್ ಸಾಕು. ಪ್ರತಿ ಜಾಗದಲ್ಲಿ ಕನಿಷ್ಠ ಎರಡು ರಾತ್ರಿ ಇರಿ. ಎಂಟರ ಬದಲು ನಾಲ್ಕು ಜಾಗ ಆರಿಸಿಕೊಳ್ಳಿ. ಮಕ್ಕಳಿಗೆ ಖುಷಿ ಕೊಡುವುದು ಎಷ್ಟು ಜಾಗ ನೋಡಿದೆವು ಅನ್ನುವುದಲ್ಲ. ಎರಡನೇ ದಿನ ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗಬೇಕಾಗಿಲ್ಲ ಅನ್ನುವುದು ಅವರಿಗೆ ದೊಡ್ಡ ಹಬ್ಬ.

ಇನ್ನು ತೂಕದ ವಿಷಯ. ಇದನ್ನು ನಿಧಾನವಾಗಿ ಓದಿ, ಉಳಿದದ್ದೆಲ್ಲಾ ಇದರ ಮೇಲೆ ನಿಂತಿದೆ. ನಮ್ಮ ಕಾರು ಇಷ್ಟು ಎಳೆಯುತ್ತದೆ ಅನ್ನುವ ಒಂದೇ ಅಂಕಿ ನೋಡಿ ಸುಮ್ಮನಾಗುವವರು ಜಾಸ್ತಿ. ಕಾರು ಎಳೆಯುವ ತೂಕ ಬೇರೆ, ಹೊರುವ ತೂಕ ಬೇರೆ. ಟ್ರೇಲರ್‌ನ ಮೂತಿ ಕಾರಿನ ಹಿಂದಿರುವ ಹಿಚ್ ಮೇಲೆ, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ, ಕೂರುತ್ತದಲ್ಲ, ಆ ಭಾರವನ್ನು ಕಾರು ಹೊರಬೇಕು. ಅಮೆರಿಕದ ಮಾದರಿಯ ಟ್ರೇಲರ್‌ಗಳಲ್ಲಿ ಈ ಮೂತಿ ಭಾರ ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇಕಡ 10ರಿಂದ 15 ಇರಬೇಕು ಅಂತಾರೆ. ಯುರೋಪಿನ ಹಗುರ ಕ್ಯಾರವಾನ್‌ಗಳಿಗೆ ಶೇಕಡ 5ರಿಂದ 7. ಜೊತೆಗೆ ಕಾರಿಗೂ ಹಿಚ್‌ಗೂ ಕಂಪನಿ ಬರೆದಿರುವ ಮಿತಿಯನ್ನು ದಾಟಬಾರದು.

ಒಂದು ಲೆಕ್ಕ ನೋಡಿ. ಟ್ರೇಲರ್ 1,500 ಕೆಜಿ ಅಂದುಕೊಳ್ಳಿ. ಶೇಕಡ 12 ಅಂದರೆ 180 ಕೆಜಿ ಹಿಚ್ ಮೇಲೆ ಬಂತು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಸೇರಿ 210 ಕೆಜಿ. ಕಾರು ಹೊರಬಹುದಾದ ತೂಕ 500 ಕೆಜಿ ಇದ್ದರೆ, ಉಳಿದದ್ದು ಬರೀ 110 ಕೆಜಿ. ಅದರಲ್ಲೇ ಹಿಚ್, ಬ್ಯಾಗು, ಸೈಕಲ್ಲು, ಡಿಕ್ಕಿಯಲ್ಲಿರುವ ಕುರ್ಚಿ ಎಲ್ಲಾ ಬರಬೇಕು. ಎಷ್ಟು ಬೇಗ ಮುಗಿಯಿತು ನೋಡಿ. ನೀರನ್ನೂ ಮರೆಯಬೇಡಿ, ಒಂದು ಲೀಟರ್ ಅಂದರೆ ಒಂದು ಕೆಜಿ. ತಲುಪುವ ಜಾಗದಲ್ಲಿ ನೀರು ಸಿಗುತ್ತದೆ ಅಂತಾದರೆ 100 ಲೀಟರಿನ ಟ್ಯಾಂಕ್ ತುಂಬಿಸಿ ಎಳೆಯುವುದು ಯಾಕೆ? ಸಾಮಾನು ತುಂಬಿದ ಮೇಲೆ ಲಾರಿ ತೂಗುವ ಕಾಟಾಕ್ಕೆ ಒಮ್ಮೆ ಹೋಗಿ ಬನ್ನಿ. ಅಂದಾಜು ಮಾಡುವ ಕೆಲಸವೇ ಇರುವುದಿಲ್ಲ.

ತುಂಬುವ ರೀತಿಯೂ ಮುಖ್ಯ. ಭಾರದ್ದೆಲ್ಲಾ ಕೆಳಗೆ, ಚಕ್ರದ ಆಕ್ಸಲ್‌ಗೆ ಹತ್ತಿರ, ಸ್ವಲ್ಪ ಮುಂದಕ್ಕೆ ಇರಲಿ. ಹಿಂದಿನ ತುದಿಯಲ್ಲಿ ಭಾರ ಹಾಕಿದರೆ ಮೂತಿ ಹಗುರವಾಗುತ್ತದೆ, ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ದೊಡ್ಡ ಲಾರಿ ಪಕ್ಕದಲ್ಲಿ ದಾಟಿದಾಗ, ಇಳಿಜಾರಿನಲ್ಲಿ, ಅಡ್ಡಗಾಳಿಯಲ್ಲಿ ಇದು ಜಾಸ್ತಿ. ಹಾಗೆ ಓಲಾಡಿದರೆ ಏನು ಮಾಡಬೇಕು ಅಂತ ನೀವಿಬ್ಬರೂ ಬಾಯಿಪಾಠ ಮಾಡಿಕೊಳ್ಳಿ. ಸ್ಟೀರಿಂಗ್ ನೇರವಾಗಿ ಹಿಡಿಯಿರಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಕಾರಿನ ಬ್ರೇಕ್ ಒತ್ತಬೇಡಿ, ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳಲೂ ನೋಡಬೇಡಿ. ಟ್ರೇಲರ್ ಬ್ರೇಕಿಗೆ ಕೈಯಿಂದ ಒತ್ತುವ ಕಂಟ್ರೋಲರ್ ಇದ್ದರೆ ಅದನ್ನು ಮಾತ್ರ ಮೆಲ್ಲಗೆ ಒತ್ತಿ. ನಿಂತ ಮೇಲೆ ಸಾಮಾನು ಜರುಗಿಸದೆ ಮುಂದೆ ಹೋಗಬೇಡಿ.

ಟೈರನ್ನು ಮನೆಯಲ್ಲೇ ನೋಡಿ, ಹೆದ್ದಾರಿಯಲ್ಲಿ ಅಲ್ಲ. ಬಾಡಿಗೆ ಟ್ರೇಲರ್‌ನ ಟೈರ್ ಸವೆಯದೆ ಹೊಸದರಂತೆ ಕಂಡರೂ ಹಳೆಯದಾಗಿರಬಹುದು. ಪಕ್ಕದಲ್ಲಿ ಅಚ್ಚಾಗಿರುವ ಕೋಡಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಬೇರೆ ಹಾಕಿಕೊಡಿ ಅಂತ ಕೇಳಿ, ಸಂಕೋಚ ಬೇಡ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಅಳೆಯಬೇಕು.

ಟ್ರೇಲರ್‌ನ ಎತ್ತರ ಅಳೆದು, ಮೇಲಿನ ಏಸಿ ಸಮೇತ, ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿ. ಕೆಳಸೇತುವೆ ಎದುರು ಬಂದಾಗ ಯೋಚಿಸಲು ಸಮಯ ಇರುವುದಿಲ್ಲ. ತಿರುವಿನಲ್ಲಿ ಟ್ರೇಲರ್ ಚಕ್ರ ಕಾರಿನ ಹಾದಿಯಲ್ಲೇ ಬರುವುದಿಲ್ಲ, ಒಳಗಡೆ ಕತ್ತರಿಸಿಕೊಂಡು ಬರುತ್ತದೆ, ಆದ್ದರಿಂದ ಅಗಲವಾಗಿ ತಿರುಗಿಸಿ. ಘಟ್ಟ ಇಳಿಯುವಾಗ ಮೊದಲೇ ಗೇರ್ ಇಳಿಸಿಕೊಳ್ಳಿ. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಎರಡು ಗಂಟೆಗೊಮ್ಮೆ ನಿಲ್ಲಿಸಿ. ಮಕ್ಕಳು ಓಡಾಡಲಿ, ಆ ಹೊತ್ತಿಗೆ ನೀವು ಒಂದು ಸುತ್ತು ಹಾಕಿ. ಹಿಚ್ ಲಾಕ್, ಹಿಚ್ ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಅಡ್ಡಡ್ಡ ಹಾಕಿದ ಸರಪಳಿ, ಲೈಟಿನ ಪ್ಲಗ್, ಟೈರ್ ನೋಡಿ. ಚಕ್ರದ ನಡುವಿನ ಹಬ್ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ತುಂಬಾ ಬಿಸಿ ಇದ್ದರೆ ಬೇರಿಂಗ್ ಅಥವಾ ಬ್ರೇಕ್ ಕೆಟ್ಟಿದೆ ಅಂತ ಅರ್ಥ.

ಚಿಕ್ಕವರು ಒಳಗಿನ ಹಾಸಿಗೆಯಲ್ಲಿ ಮಲಗಿಕೊಂಡು ಬರುತ್ತೇವೆ ಅಂತ ಕೇಳಿಯೇ ಕೇಳುತ್ತಾರೆ. ಎಷ್ಟೇ ಅತ್ತರೂ ಬೇಡ. ಓಡುವ ಟ್ರೇಲರ್ ಒಳಗೆ ಯಾರೂ ಇರಬಾರದು. ಅಲ್ಲಿ ಸೀಟ್ ಬೆಲ್ಟ್ ಇಲ್ಲ, ಅನೇಕ ಕಡೆ ಕಾನೂನೂ ಬಿಡುವುದಿಲ್ಲ. ಹಾಗೆಯೇ ಹೊರಡುವ ಮುಂಚೆ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ. ಚಳಿ ಅಂತ ರಾತ್ರಿ ಒಲೆ ಹಚ್ಚಿ ಮಲಗುವುದು ಜೀವಕ್ಕೇ ಅಪಾಯ. ಒಲೆಯಿಂದ ಬರುವ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್, ಅದನ್ನು ಪತ್ತೆ ಮಾಡುವ ಅಲಾರಂ ಕೆಲಸ ಮಾಡುತ್ತಿದೆಯಾ ಅಂತ ಬಾಡಿಗೆ ಕೊಡುವವರ ಎದುರೇ ಒತ್ತಿ ನೋಡಿ.

ಬೆಳಕಿರುವಾಗಲೇ ತಲುಪಿ, ಯಾಕೆಂದರೆ ರಿವರ್ಸ್ ತೆಗೆಯುವುದು ಕತ್ತಲಲ್ಲಿ ನಿಜಕ್ಕೂ ಕಷ್ಟ. ಸ್ಟೀರಿಂಗ್‌ನ ಕೆಳಭಾಗ ಹಿಡಿದುಕೊಳ್ಳಿ. ಟ್ರೇಲರ್‌ನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿದರೆ ಸಾಕು. ಒಬ್ಬರು ಹಿಂದೆ ನಿಂತು ಹೇಳಲಿ, ಕೂಗುವುದಕ್ಕಿಂತ ಫೋನ್ ಕರೆ ಒಳ್ಳೆಯದು. ಅವರು ಕನ್ನಡಿಯಲ್ಲಿ ಕಾಣದಿದ್ದರೆ ಆ ಕ್ಷಣವೇ ಗಾಡಿ ನಿಲ್ಲಿಸಿ. ಆ ಹೊತ್ತಲ್ಲಿ ಮಕ್ಕಳು ಕಾರಿನೊಳಗೇ ಇರಲಿ. ನಿಲ್ಲಿಸಿದ ಮೇಲೆ ಎಡಬಲ ಲೆವೆಲ್ ಮಾಡಿ, ಚಕ್ರಕ್ಕೆ ಅಡ್ಡ ಕೊಡಿ, ಆಮೇಲೆ ಮಾತ್ರ ಹಿಚ್ ಬಿಡಿಸಿ, ಮೂತಿಯ ಜಾಕ್‌ನಿಂದ ಮುಂದೆ ಹಿಂದೆ ಸರಿ ಮಾಡಿ. ಈ ಕ್ರಮ ಅದಲುಬದಲಾದರೆ ಟ್ರೇಲರ್ ಉರುಳಿ ಹೋಗಬಹುದು. ನಾಲ್ಕು ಮೂಲೆಯ ಕಾಲುಗಳು ಅಲುಗಾಡದಂತೆ ತಡೆಯುವುದಕ್ಕೆ ಮಾತ್ರ, ಟ್ರೇಲರ್ ಎತ್ತಲು ಅಲ್ಲ.

ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡುವಾಗ ಮೊದಲು ಕಕ್ಕಸಿನದು, ಆಮೇಲೆ ಸಿಂಕಿನದು. ಎರಡನೆಯದು ಪೈಪನ್ನು ತೊಳೆದುಕೊಂಡು ಹೋಗುತ್ತದೆ.

ಪ್ರವಾಸಕ್ಕೆ ಒಂದು ವಾರ ಇರುವಾಗಲೇ ಟ್ರೇಲರ್ ಒಂದು ದಿನಕ್ಕೆ ಸಿಗುತ್ತದಾ ಕೇಳಿ. ಖಾಲಿ ಮೈದಾನದಲ್ಲಿ ರಿವರ್ಸ್ ಅಭ್ಯಾಸ ಮಾಡಿ, ಆ ರಾತ್ರಿ ಹತ್ತಿರದ ಕ್ಯಾಂಪಿಂಗ್ ಜಾಗದಲ್ಲಿ ನಾಲ್ವರೂ ಅದರಲ್ಲೇ ಮಲಗಿ. ಏನು ಇಲ್ಲ, ಯಾವುದು ಸುಮ್ನೆ ಭಾರ ಅಂತ ಬೆಳಗಾಗುವಷ್ಟರಲ್ಲಿ ಗೊತ್ತಾಗುತ್ತದೆ. ಒಂದು ದಿನಕ್ಕೆ ಕೊಡುವುದಿಲ್ಲ ಅಂದರೆ, ನಿಮ್ಮ ಹತ್ತು ದಿನದಲ್ಲಿ ಮೊದಲ ನಿಲ್ದಾಣವನ್ನು ಮನೆಯಿಂದ 100 ಕಿಲೋಮೀಟರ್ ಒಳಗೇ ಇಟ್ಟುಕೊಳ್ಳಿ.