ಕೇಳಿ, ಹೇಳುತ್ತೇವೆ: ಒಂದು ಮಿಲಿಗ್ರಾಂ ಗಾಂಜಾದ ಲೆಕ್ಕ

ಪ್ರಶ್ನೆ: ಕೆನಡಾದ ಬ್ರ್ಯಾಂಪ್ಟನ್‌ನಲ್ಲಿದ್ದೇನೆ. ಇಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ. ಅಮಲೇರದಷ್ಟು ಚೂರೇ ಚೂರು ತಗೊಂಡರೆ ಮನಸ್ಸು ಹಗುರಾಗುತ್ತದೆ, ನಿದ್ದೆ ಬರುತ್ತದೆ ಎಂದು ಆಫೀಸಿನವರು ಹೇಳಿದರು. 10 ಮಿಲಿಗ್ರಾಂನ ಗಾಂಜಾ ಗಮ್ಮಿಯಲ್ಲಿ (ಮೆದು ಮಿಠಾಯಿ) ಅರ್ಧ ತಿಂದೆ. ಒಂದು ಗಂಟೆ ಕಾದರೂ ಏನೂ ಅನ್ನಿಸಲಿಲ್ಲ, ಉಳಿದರ್ಧವನ್ನೂ ತಿಂದೆ. ಆಮೇಲೆ ಎದೆ ಡವಡವ, ರಾತ್ರಿಯೆಲ್ಲ ಹೆದರಿಕೆ. ಎಲ್ಲಿ ತಪ್ಪಿದೆ?

ಉತ್ತರ: ಎರಡು ಕಡೆ. ಮೊದಲನೆಯದು ಗಡಿಯಾರ. ನುಂಗಿದ ಗಾಂಜಾ ಹೊಟ್ಟೆಯಿಂದ ಪಿತ್ತಜನಕಾಂಗಕ್ಕೆ ಹೋಗಿ, ಅಲ್ಲಿ ಅದರ ಅಮಲಿನ ಅಂಶವಾದ ಟಿಎಚ್‌ಸಿಯ ಒಂದು ಪಾಲು ಇನ್ನೂ ಬಲವಾದ ರೂಪಕ್ಕೆ ತಿರುಗಿ, ಆಮೇಲೆ ತಲೆಗೆ ಮುಟ್ಟುತ್ತದೆ. ಪರಿಣಾಮ ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ, ಏರು ಮುಟ್ಟಲು ನಾಲ್ಕು ಗಂಟೆಯವರೆಗೂ ಬೇಕು. ನೀವು ಎರಡನೇ ಅರ್ಧ ತಿನ್ನುವಾಗ ಮೊದಲನೆಯದು ಇನ್ನೂ ದಾರಿಯಲ್ಲಿತ್ತು.

ಎರಡನೆಯದು ಅಳತೆ. ಕಿರು ಪ್ರಮಾಣ ಎನ್ನುವುದು ಸಾಮಾನ್ಯವಾಗಿ 1ರಿಂದ 2.5 ಮಿಲಿಗ್ರಾಂ ಟಿಎಚ್‌ಸಿ. ನಿಮ್ಮ ಮೊದಲ ಅರ್ಧವೇ ಅದರ ಎರಡು ಪಟ್ಟು. ಈ ವಸ್ತುವಿನ ವಿಚಿತ್ರವೆಂದರೆ ಕಡಿಮೆಯಲ್ಲಿ ಆತಂಕ ಇಳಿಸುತ್ತದೆ, ಹೆಚ್ಚಾದರೆ ಅದೇ ಆತಂಕ ಏರಿಸುತ್ತದೆ. 2017ರಲ್ಲಿ ಷಿಕಾಗೊದ ಸಂಶೋಧಕರು 42 ಮಂದಿಯನ್ನು ಜನರೆದುರು ಮಾತಾಡಿಸುವ, ಲೆಕ್ಕ ಮಾಡಿಸುವ ಒತ್ತಡಕ್ಕೆ ಒಡ್ಡಿ ನೋಡಿದರು. 7.5 ಮಿಲಿಗ್ರಾಂ ನುಂಗಿದವರಿಗೆ ಒತ್ತಡ ತಗ್ಗಿತು, 12.5 ನುಂಗಿದವರಿಗೆ ಮನಸ್ಸು ಮತ್ತಷ್ಟು ಕೆಟ್ಟಿತು. ನಡುವೆ ಐದೇ ಮಿಲಿಗ್ರಾಂ. ಆದರೆ ಇದು ಒಂದೆರಡು ಸಲ ನುಂಗಿಸಿ ನೋಡಿದ ಪ್ರಯೋಗ. ದಿನಾ ಕಿರು ಪ್ರಮಾಣ ತಗೊಂಡರೆ ಬದುಕು ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅಂಗಡಿಯವರು ಹೇಳುವುದು ಅಂಗಡಿಯ ಮಾತು.

ಆದರೂ ನೋಡಬೇಕೆಂದಿದ್ದರೆ ಗಮ್ಮಿ ಕತ್ತರಿಸಬೇಡಿ. ಟಿಎಚ್‌ಸಿ ಎರಡೂ ಹೋಳಿನಲ್ಲಿ ಸಮನಾಗಿರುತ್ತದೆ ಎಂಬ ಖಾತ್ರಿಯಿಲ್ಲ. ತಲಾ 2.5 ಮಿಲಿಗ್ರಾಂನ ನಾಲ್ಕು ತುಂಡಿರುವ ಪೊಟ್ಟಣ ಸಿಗುತ್ತದೆ (ಒಂದು ಪೊಟ್ಟಣಕ್ಕೆ ಕಾನೂನಿನ ಮಿತಿಯೇ 10). ಇನ್ನೂ ಸಣ್ಣದಾಗಿ ಅಳೆಯಲು ಎಣ್ಣೆ ಒಳ್ಳೆಯದು. ಮಿಲಿಲೀಟರ್‌ಗೆ 10 ಮಿಲಿಗ್ರಾಂ ಇರುವುದನ್ನು ಆರಿಸಿದರೆ, ಸೂಜಿಯಿಲ್ಲದ 1 ಮಿಲಿ ಸಿರಿಂಜಿನಲ್ಲಿ 0.1ರ ಗೆರೆ ಎಂದರೆ 1 ಮಿಲಿಗ್ರಾಂ. 30ರ ಎಣ್ಣೆಯಲ್ಲಿ ಅದೇ ಗೆರೆಗೆ 3 ಬಂದುಬಿಡುತ್ತದೆ. ಬಾಟಲಿ ಕುಲುಕಿ, ಹನಿ ಎಣಿಸಬೇಡಿ, ಹನಿಯ ಗಾತ್ರ ಒಂದೊಂದು ಸಲ ಒಂದೊಂದು.

ಕಾರು ಓಡಿಸುವ ಕೆಲಸವಿಲ್ಲದ ಸಂಜೆ 1 ಮಿಲಿಗ್ರಾಂ. ಅಂದು ಮತ್ತೆ ಮುಟ್ಟಬೇಡಿ, ಜೊತೆಗೆ ಮದ್ಯ ಬೇಡ. ಊಟದ ಜೊತೆಗೋ ಖಾಲಿ ಹೊಟ್ಟೆಗೋ ಎಂಬುದನ್ನು ಪ್ರತಿ ಸಲ ಒಂದೇ ರೀತಿ ಇಟ್ಟುಕೊಳ್ಳಿ. ಜಿಡ್ಡಿನ ಊಟದ ಜೊತೆ ಹೆಚ್ಚು ಹೀರಿಕೆಯಾಗುತ್ತದೆ, ಹಾಗಾಗಿ ತುಪ್ಪದ ಹೋಳಿಗೆಯ ದಿನದ ಅನುಭವ ಉಪವಾಸದ ದಿನಕ್ಕೆ ಹೊಂದುವುದಿಲ್ಲ. ಗಂಟೆ, ಪ್ರಮಾಣ, ನಿದ್ದೆ ಬರೆದಿಡಿ. ಮೂರು ಸಲ ನೋಡಿದ ಮೇಲೆ ಬೇಕಿದ್ದರೆ ಅರ್ಧ ಮಿಲಿಗ್ರಾಂ ಏರಿಸಿ. 'ಏನೋ ಆಗುತ್ತಿದೆ' ಎಂದು ಅನ್ನಿಸಿದರೆ ಮುಂದಿನ ಸಲ ಒಂದು ಮೆಟ್ಟಿಲು ಕೆಳಗಿಳಿಯಿರಿ. ದಿನಾ ತಗೊಂಡರೆ ಮೈ ಒಗ್ಗಿಹೋಗಿ ಅದೇ ಪ್ರಮಾಣ ಸಾಲದಾಗುತ್ತದೆ. ಬಿಟ್ಟ ಮೇಲೆ ಒಂದೆರಡು ವಾರ ನಿದ್ದೆಗೇಡು, ಸಿಡುಕು ಕಂಡರೆ ಅಭ್ಯಾಸ ಹಿಡಿದಿದೆ ಎಂದೇ ಅರ್ಥ. ಸೇದುವುದರಲ್ಲಿ ಕಿರು ಪ್ರಮಾಣದ ಮಾತೇ ಇಲ್ಲ: 20 ಶೇಕಡಾ ಟಿಎಚ್‌ಸಿ ಇರುವ ಹೂವಿನ ಕಾಲು ಗ್ರಾಂನಲ್ಲೇ 50 ಮಿಲಿಗ್ರಾಂ ಇರುತ್ತದೆ, ಒಂದು ಎಳೆತಕ್ಕೆ ಎಷ್ಟು ಬಂತೆಂದು ಯಾರೂ ಹೇಳಲಾರರು.

ಲೈಸೆನ್ಸ್ ಇನ್ನೂ ಜಿ2 ಆಗಿದ್ದರೆ ಒಂಟಾರಿಯೊದಲ್ಲಿ ಹೊಸ ಚಾಲಕರ ಮೈಯಲ್ಲಿ ಗಾಂಜಾ ಚೂರೂ ಇರುವಂತಿಲ್ಲ. ಎಂಜಲಿನ ಪರೀಕ್ಷೆಯಲ್ಲಿ ಅಂಶ ಕಂಡರೂ ಸಾಕು, ಲೈಸೆನ್ಸ್ ಅಮಾನತು. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಡಬ್ಬಿ. ಗಮ್ಮಿ ನೋಡಲು ಮಿಠಾಯಿಯೇ. ಮಗು ತಿಂದರೆ ಲಕ್ಷಣಕ್ಕೆ ಕಾಯದೆ ವಿಷ ಮಾಹಿತಿ ಕೇಂದ್ರದ 1-844-764-7669ಕ್ಕೆ, ಎಚ್ಚರ ತಪ್ಪುತ್ತಿದ್ದರೆ 911ಕ್ಕೆ ಕರೆ ಮಾಡಿ.

ಪ್ರಶ್ನೆ: ಮೈಸೂರಿನಿಂದ ಬಂದಿರುವ ನಮ್ಮ ತಂದೆಗೆ 71 ವರ್ಷ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯಲ್ಲಿದ್ದಾರೆ. ಮಂಡಿನೋವಿಗೆ ಸಿಬಿಡಿ ಎಣ್ಣೆ (ಗಾಂಜಾದ ಅಮಲಿಲ್ಲದ ಅಂಶದ್ದು) ಕೊಡಬಹುದೆ? ಊರಿಗೂ ಒಂದು ಬಾಟಲಿ ಕಳಿಸಬಹುದೆ?

ಉತ್ತರ: ಎರಡಕ್ಕೂ ಬೇಡ. ವಾರ್ಫರಿನ್ ಅನ್ನು ಕರಗಿಸಿ ಹೊರಹಾಕುವ ಕಿಣ್ವಗಳನ್ನು ಸಿಬಿಡಿ ತಡೆಯುತ್ತದೆ. ಮಾತ್ರೆ ರಕ್ತದಲ್ಲೇ ಉಳಿದು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಿದರೆ ರಕ್ತಸ್ರಾವದ ಅಪಾಯ. ಅಮಲಿಲ್ಲ ಎಂದ ಮಾತ್ರಕ್ಕೆ ನಿರುಪದ್ರವಿ ಅಲ್ಲ. ಹೃದಯದ ವೈದ್ಯರೇ ಒಪ್ಪಿ ಐಎನ್‌ಆರ್ ಪರೀಕ್ಷೆಯ ದಿನಗಳನ್ನು ಗೊತ್ತುಮಾಡಿದರೆ ಬೇರೆ ಮಾತು. ಟಿಎಚ್‌ಸಿಯಂತೂ ಎದ್ದುನಿಂತಾಗ ರಕ್ತದೊತ್ತಡ ಇಳಿಸುತ್ತದೆ; ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರೆ ಮಂಡಿನೋವಿನ ಮೇಲೆ ಸೊಂಟದ ಮೂಳೆಯೂ ಹೋಗುತ್ತದೆ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ, ಬೈಪೋಲಾರ್ ಕಾಯಿಲೆಯಿದ್ದರೆ ಅಥವಾ ಗರ್ಭಿಣಿಯರಾದರೆ ಕಿರು ಪ್ರಮಾಣವೂ ಬೇಡ. ಬಾಟಲಿಯ ಮಾತಿಗೆ ಬಂದರೆ, ವೈದ್ಯರ ಚೀಟಿಯಿದ್ದರೂ ಅದನ್ನು ಕೆನಡಾದ ಗಡಿ ದಾಟಿಸುವುದೇ ಅಪರಾಧ, ಬೆಂಗಳೂರಿನಲ್ಲಿ ಇಳಿದರೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆ ಕಾದಿರುತ್ತದೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಗ್ರೀನ್ ಕಾರ್ಡ್ ಇದೆ. ಇಲ್ಲಿ ಕಾನೂನುಬದ್ಧವಲ್ಲವೆ?

ಉತ್ತರ: ರಾಜ್ಯದಲ್ಲಿ ಹೌದು, ಪೌರತ್ವ ಕೊಡುವ ಒಕ್ಕೂಟ ಸರ್ಕಾರದ ಕಾನೂನಿನಲ್ಲಿ ಅಲ್ಲ. ರಾಜ್ಯ ಒಪ್ಪಿದ ಬಳಕೆಯೂ ಪೌರತ್ವಕ್ಕೆ ಬೇಕಾದ 'ಸನ್ನಡತೆ'ಗೆ ಅಡ್ಡಿಯಾಗಬಹುದೆಂದು ವಲಸೆ ಇಲಾಖೆ 2019ರಲ್ಲೇ ಹೇಳಿದೆ. ಅರ್ಜಿ ಹಾಕುವ ಮೊದಲು ವಲಸೆ ವಕೀಲರನ್ನು ಕಾಣಿ, ಪೊಟ್ಟಣದ ಚಿತ್ರ ಫೋನಿನಲ್ಲಿಟ್ಟುಕೊಂಡು ಗಡಿ ದಾಟಬೇಡಿ.

ಪ್ರಶ್ನೆ: ಧಾರವಾಡದವನು. ಭಂಗಿ ಸೊಪ್ಪಿಗೆ ಕಾನೂನಿನ ತೊಂದರೆಯಿಲ್ಲವಂತೆ. ಅದರಲ್ಲೇ ಕಿರು ಪ್ರಮಾಣ ಮಾಡಿಕೊಳ್ಳಬಹುದಲ್ಲ?

ಉತ್ತರ: ಅರ್ಧ ನಿಜ. ಹೂಗೊನೆಯಿಲ್ಲದ ಬರೀ ಎಲೆ, ಬೀಜ ಎನ್‌ಡಿಪಿಎಸ್‌ನ 'ಗಾಂಜಾ'ದ ವ್ಯಾಖ್ಯೆಯಲ್ಲಿಲ್ಲ. ಆದರೆ ಭಂಗಿ ರಾಜ್ಯದ ಅಬಕಾರಿ ಕಾನೂನಿನ ಹತೋಟಿಯಲ್ಲಿದೆ, ಮತ್ತು ಎಲೆಯ ಜೊತೆ ಒಂದೆರಡು ಹೂಗೊನೆ ಸೇರಿದರೆ ಪ್ರಕರಣವೇ ಬದಲಾಗುತ್ತದೆ. ಅಳತೆಯ ಮಾತಿಗೆ ಬಂದರೆ, ಉಂಡೆಯಲ್ಲಿ ಟಿಎಚ್‌ಸಿ ಎಷ್ಟಿದೆಯೆಂದು ಅರೆದವನಿಗೂ ತಿಳಿಯದು: ಗಿಡ, ಎಲೆಯ ಎಳಸುತನ, ಹುರಿದ ಬಿಸಿ ಎಲ್ಲದಕ್ಕೂ ಅದು ಬದಲಾಗುತ್ತದೆ. ಆಯುರ್ವೇದದ ವಿಜಯಾ (ಭಂಗಿ ಗಿಡದ್ದೇ ಹೆಸರು) ಔಷಧಗಳೂ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳತಕ್ಕವು; ಜಾಲತಾಣದಲ್ಲಿ ಎರಡು ಪ್ರಶ್ನೆ ಕೇಳಿ ಚೀಟಿ ಕೊಡುವವರನ್ನು ನಂಬಬೇಡಿ, ಬಾಟಲಿಯ ಮೇಲೆ ಮಿಲಿಲೀಟರ್‌ಗೆ ಎಷ್ಟು ಮಿಲಿಗ್ರಾಂ ಎಂದು ಬರೆದಿಲ್ಲದಿದ್ದರೆ ಕೊಳ್ಳಲೇಬೇಡಿ. ಅಂಗಡಿಯಲ್ಲಿ ಆಹಾರವಾಗಿ ಸಿಗುವ ಹೆಂಪ್ (ಗಾಂಜಾ ಗಿಡದ್ದೇ) ಬೀಜ ಬೇರೆ. 2021ರಿಂದ ಅದಕ್ಕೆ ಅನುಮತಿಯಿದೆ, ಕಿಲೋಗೆ 5 ಮಿಲಿಗ್ರಾಂ ಟಿಎಚ್‌ಸಿಯೇ ಮಿತಿ. ಚಟ್ನಿಪುಡಿಗೆ ಗುರೆಳ್ಳಿನಂತೆ ಹುರಿದು ಹಾಕಬಹುದು, ಅದರಿಂದ ನಿದ್ದೆಯೂ ಬಾರದು, ಅಮಲೂ ಏರದು.